ಯಾದಿ ಬಂತೇನ್ರೀ?

ದೀಪಾವಳಿಯ ಪಣತಿಗಳನ್ನು ತೊಳೆದು ಅಟ್ಟಕ್ಕೇರಿಸಿದ ಮರುದಿನದಿಂದ ಧಾರವಾಡದಲ್ಲಿ ಒಂದು ಬಗೆಯ ಜನ ಪರಸ್ಪರ ಕ್ಷೇಮಸಮಾಚಾರ ಕೇಳುವುದನ್ನು ಬಿಟ್ಟುಬಿಡುತ್ತಾರೆ. ಎದುರುಬದುರಾದರೆ ಒಂದೇ ಪ್ರಶ್ನೆ: ‘ಯಾದಿ ಬಂತೇನ್ರೀ?’ ಊರಿಗೆ ಹೊಸಬರಾದವರಿಗೆ ಇದು ಕಿರಾಣಿ ಸಾಮಾನಿನ ಯಾದಿಯೋ ಮತದಾರರ ಯಾದಿಯೋ ತಿಳಿಯದು. ಕಿರಾಣಿ ಅಂದುಕೊಂಡವರು ತೀರ ತಪ್ಪಿಲ್ಲ, ಕಿರಾಣಿಗೂ ಹಾಡುಗಾರಿಕೆಯ ಕಿರಾಣಾ ಘರಾಣೆಗೂ ಒಂದು ದೀರ್ಘ ಹೆಚ್ಚುಕಡಿಮೆ ಅಷ್ಟೇ. ಇದು ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದ ಕಲಾವಿದರ ಯಾದಿ. ಡಿಸೆಂಬರಿನಲ್ಲಿ ಐದು ದಿನ ನಡೆಯುವ ಸಂಗೀತಕ್ಕೆ ನಮ್ಮವರು ಬಹಳ ಮುಂಚಿನಿಂದಲೇ ಗಂಟಲು ಸರಿಮಾಡಿಕೊಳ್ಳುತ್ತಾರೆ. ಹಾಡುವವರು ಬೇರೆ, ಗಂಟಲು ಇವರದು.

ಅಧಿಕೃತ ಯಾದಿಗಿಂತ ಮೊದಲು ಅನಧಿಕೃತ ಯಾದಿಗಳು ಬರುತ್ತವೆ. ನಮ್ಮ ಕಟ್ಟೆಗೆ ಕೂಡುವ ನಿವೃತ್ತ ಮಾಸ್ತರರೊಬ್ಬರಿಗೆ ಪುಣೆಯಲ್ಲಿ ಅಳಿಯ. ಅಳಿಯನ ಆಫೀಸಿನಲ್ಲೊಬ್ಬ ತಬಲಾ ಕಲಿಯುತ್ತಾನೆ. ಅವನ ಗುರುಗಳ ಇನ್ನೊಬ್ಬ ಶಿಷ್ಯ ಯಾರಿಗೋ ಸಾಥಿಗೆ ಕೂಡುತ್ತಾನೆ. ಇಷ್ಟು ಬಾಯಿ ದಾಟಿ ಬಂದ ಸುದ್ದಿಯನ್ನು ಮಾಸ್ತರರು ದನಿ ತಗ್ಗಿಸಿ ಹೇಳುತ್ತಾರೆ: ‘ಯಾರ ಮುಂದೂ ಆಡಬ್ಯಾಡ್ರಿ. ಈ ಸಲ ವೆಂಕಟೇಶಕುಮಾರ ಅವರನ್ನ ಕರದಾರಂತ.’ ಆಡಬೇಡಿ ಎಂದು ಹೇಳಿದ್ದು ಇಡೀ ಕಟ್ಟೆಗೆ. ವೆಂಕಟೇಶಕುಮಾರರು ಇರುವುದೇ ಧಾರವಾಡದಲ್ಲಿ. ಬೇಕಾದರೆ ಅವರನ್ನೇ ಕಂಡು ‘ಬುವಾ, ಈ ಸಲ ಪುಣೆಗೆ ಹೊಂಟೀರೇನ್ರಿ?’ ಎಂದು ಕೇಳಿದರೆ ಮುಗಿಯಿತು. ಆದರೆ ಹಾಗೆ ಕೇಳುವುದು ರಸಿಕರ ಧರ್ಮವಲ್ಲ. ಧಾರವಾಡದ ಸುದ್ದಿಯಾದರೂ ಅದು ಪುಣೆಗೆ ಹೋಗಿ ಹೊರಳಿ ಬಂದರೇ ಅದಕ್ಕೊಂದು ತೂಕ.

ಪುಣೆಯ ಉತ್ಸವದ ಬಗ್ಗೆ ನಿಮಗೇಕಪ್ಪಾ ಇಷ್ಟು ಉಸಾಬರಿ ಎಂದು ಪುಣೆಯವರು ಕೇಳಬಹುದು. ಕೇಳಿ ನೋಡಲಿ. ಉತ್ಸವ ಯಾರ ಹೆಸರಿನದು? ಸವಾಯಿ ಗಂಧರ್ವರದು. ಅವರು ರಾಮಭಾವು ಕುಂದಗೋಳಕರ, ಅಂದರೆ ನಮ್ಮ ಕುಂದಗೋಳದವರು. ಉತ್ಸವ ಕಟ್ಟಿದವರು ಯಾರು? ಭೀಮಸೇನ ಜೋಶಿ. ಇಲ್ಲಿಗೆ ಬಂದರೆ ನಮ್ಮಲ್ಲೇ ಜಗಳ ಶುರು. ರೋಣದವರು ಹುಟ್ಟಿದ್ದು ನಮ್ಮಲ್ಲಿ ಅನ್ನುತ್ತಾರೆ. ಗದಗಿನವರು ಬೆಳೆದದ್ದು ನಮ್ಮಲ್ಲಿ ಅನ್ನುತ್ತಾರೆ. ಕುಂದಗೋಳದವರು ಹುಟ್ಟಿ ಬೆಳೆದರೆ ಸಾಕೇ, ಕಲಿತದ್ದು ನಮ್ಮಲ್ಲಿ ಅನ್ನುತ್ತಾರೆ. ಧಾರವಾಡದವರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, ಗದಗ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಮುಂಚೆ ಇವೆಲ್ಲ ಊರೂ ಧಾರವಾಡ ಜಿಲ್ಲೆಯಲ್ಲೇ ಇದ್ದವು ಎಂದು ಒಂದೇ ತಿಹಾಯಿಗೆ ವಾದ ಮುಗಿಸುತ್ತಾರೆ. ಪುಣೆಯವರು ಪಂಡಿತಜಿ ಅನ್ನಲಿ, ದಿಲ್ಲಿಯವರು ಭಾರತರತ್ನ ಅನ್ನಲಿ, ನಮಗೆ ಅವರು ಭೀಮಣ್ಣ. ಒಮ್ಮೆಯೂ ಮುಖಾಮುಖಿ ಮಾತಾಡದವರಿಗೂ ಭೀಮಣ್ಣ.

ಭೀಮಣ್ಣ ಮನೆ ಬಿಟ್ಟು ಓಡಿದ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಅಬ್ದುಲ್ ಕರೀಂ ಖಾನರ ಗ್ರಾಮೋಫೋನ್ ತಟ್ಟೆ ಕೇಳಿ ತಲೆ ಕೆಟ್ಟು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಟಿಕೆಟ್ಟಿಲ್ಲದೆ ರೈಲು ಹತ್ತಿದ ಹುಡುಗ. ಗ್ವಾಲಿಯರಿಗೆ ಹೋದ, ಇನ್ನೆಲ್ಲೆಲ್ಲೋ ಅಲೆದ, ಜಲಂಧರಕ್ಕೆ ಮುಟ್ಟಿದ. ಆ ಊರಲ್ಲಿ 1875ರಿಂದ ಹರಿವಲ್ಲಭ ಸಂಗೀತ ಸಮ್ಮೇಳನ ನಡೆಯುತ್ತದೆ. ಅಲ್ಲಿಗೆ ಹಾಡಲು ಬಂದಿದ್ದ ವಿನಾಯಕರಾವ ಪಟವರ್ಧನರು ಈ ಹುಡುಗನನ್ನು ಕಂಡು, ಗುರುವಿಗಾಗಿ ಇಷ್ಟು ದೂರ ಯಾಕೆ ಬಂದೆ, ನಿಮ್ಮ ಮಗ್ಗುಲಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ ಎಂದರಂತೆ. ಗದಗದ ಹುಡುಗ ಕುಂದಗೋಳದ ದಾರಿ ಕೇಳಲು ಪಂಜಾಬಿಗೆ ಹೋಗಬೇಕಾಯಿತು! ಧಾರವಾಡದ ಸುದ್ದಿಯನ್ನು ಪುಣೆಯಿಂದ ತರಿಸಿಕೊಳ್ಳುವ ನಮ್ಮ ಮಾಸ್ತರರನ್ನು ಕಂಡು ನಗಬೇಡಿ. ಈ ಸೀಮೆಯ ರೂಢಿಯೇ ಅದು.

ಕುಂದಗೋಳದಲ್ಲಿ ಆ ಹುಡುಗ ಗುರುವಿನ ಮನೆಗೆ ಕೊಡಗಟ್ಟಲೆ ನೀರು ಹೊತ್ತು ಕಲಿತ. ಅದೇ ಗುರುವಿನ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಗುರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು, ಪುಣೆಯಲ್ಲಿ. ಮರುವರ್ಷವೇ, 1953ರಲ್ಲಿ, ಭೀಮಣ್ಣ ಈ ಉತ್ಸವ ಹೂಡಿದರು. ಆಗ ಅವರಿಗೆ ಮೂವತ್ತೊಂದು. ಆ ವಯಸ್ಸಿನ ಗಾಯಕರು ಸಾಮಾನ್ಯವಾಗಿ ತಮ್ಮನ್ನು ಯಾರು ಕರೆಯುತ್ತಾರೆಂದು ದಾರಿ ಕಾಯುತ್ತಿರುತ್ತಾರೆ. ಇವರು ಬೇರೆಯವರನ್ನು ಕರೆಯುವ ಉದ್ಯೋಗ ಹಚ್ಚಿಕೊಂಡರು. ಅದೂ ಒಂದೆರಡು ವರ್ಷವಲ್ಲ, ಕೈಕಾಲು ಆಡುವತನಕ. ಊರೂರಿಗೆ ಕಛೇರಿ, ಮೇಲಿಂದ ಮೇಲೆ ವಿಮಾನ, ಪು.ಲ. ದೇಶಪಾಂಡೆಯವರು ‘ಹವಾಯಿ ಗಂಧರ್ವ’ ಎಂದು ಚೇಷ್ಟೆ ಮಾಡಿದ್ದು ಸುಮ್ಮನೆ ಅಲ್ಲ. ಅದರ ನಡುವೆ ಯಾರು ಯಾವ ರಾತ್ರಿ, ಯಾರ ಹಿಂದೆ ಯಾರು ಎಂಬ ತಲೆನೋವು.

ಆ ತಲೆನೋವು ಸಣ್ಣದಲ್ಲ. ಮದುವೆಯ ಪಂಕ್ತಿಯಲ್ಲಿ ಬೀಗರನ್ನು ಕೂಡಿಸಿದವರಿಗೆ ಮಾತ್ರ ಅದು ಅರ್ಥವಾದೀತು. ಗುರು ಕಿರಾಣಾ ಘರಾಣೆಯವರು, ಶಿಷ್ಯ ಕಿರಾಣಾದವರು. ಮನಸ್ಸು ಮಾಡಿದ್ದರೆ ಇಡೀ ಉತ್ಸವವನ್ನು ಮನೆಮಂದಿಯಲ್ಲೇ ಮುಗಿಸಬಹುದಿತ್ತು, ಒಬ್ಬರೂ ಕೇಳುತ್ತಿರಲಿಲ್ಲ. ಆದರೆ ಆ ವೇದಿಕೆಗೆ ಜೈಪುರದ ಮಲ್ಲಿಕಾರ್ಜುನ ಮನಸೂರರು ಬಂದರು, ಕಿಶೋರಿ ಆಮೋಣಕರ ಬಂದರು. ಘರಾಣೆಯ ಗೋಡೆಯನ್ನೇ ಲೆಕ್ಕಕ್ಕಿಡದ ಕುಮಾರ ಗಂಧರ್ವರು ಬಂದರು. ಮೇವಾತಿಯ ಜಸರಾಜರು ಬಂದರು. ಸಿತಾರು, ಸಂತೂರು, ಕಥಕ್ಕು ಎಲ್ಲಕ್ಕೂ ಜಾಗವಿತ್ತು. ತಾವು ಹೇಗೆ ಹಾಡುತ್ತಾರೋ ಹಾಗೆ ಹಾಡದವರನ್ನು ಮೆಚ್ಚುವ ಗುಣ ಗವಾಯಿಗಳಲ್ಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಬೇಕಾದರೆ ಯಾರನ್ನಾದರೂ ಚಹಾಕ್ಕೆ ಕರೆದು ಇನ್ನೊಬ್ಬರ ಹೆಸರೆತ್ತಿ ನೋಡಿ.

ಈಗ ನನ್ನದೊಂದು ಗುಮಾನಿ. ಭೀಮಣ್ಣ ಪ್ರತಿ ವರ್ಷ ತಮ್ಮ ಹಾಡನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತಿದ್ದರು. ರಾತ್ರಿಯೆಲ್ಲ ಬೇರೆಯವರು ಹಾಡಿ, ಕೊನೆಯ ಬೆಳಗಿಗೆ ಇವರು. ಗುರುವಿನ ಉತ್ಸವ ಮುಗಿಸಿಕೊಡುವುದು ಶಿಷ್ಯನ ಹಕ್ಕು ಎಂದು ಭಕ್ತರು ಇದಕ್ಕೆ ಅರ್ಥ ಹೇಳುತ್ತಾರೆ. ಇರಬಹುದು. ನನಗೆ ಅದರಲ್ಲಿ ಪಕ್ಕಾ ವ್ಯವಹಾರಸ್ಥನ ಹಿಕಮತ್ತು ಕಾಣುತ್ತದೆ. ಭೀಮಣ್ಣನನ್ನು ಕೇಳದೆ ಯಾರೂ ಎದ್ದು ಹೋಗುವ ಹಾಗಿಲ್ಲ. ಅಂದ ಮೇಲೆ ನಡುವೆ ಯಾರನ್ನು ಕೂಡಿಸಿದರೂ ಅವರಿಗೆ ಸಾವಿರಾರು ಕಿವಿ ಗ್ಯಾರಂಟಿ. ಹೆಸರು ಕೇಳರಿಯದ ಹುಡುಗನೊಬ್ಬ ವೇದಿಕೆ ಹತ್ತಿದರೆ ‘ಇವ ಯಾರೋ, ಚಾ ಕುಡಿದು ಬರೂಣು’ ಎಂದು ಎದ್ದವರೂ ಜಾಗ ಹೋದೀತೆಂದು ಹೆದರಿ ಮತ್ತೆ ಕೂಡಬೇಕು. ಕೂತ ಮೇಲೆ ಕೇಳಬೇಕು. ಕೇಳಿದ ಮೇಲೆ ಮರುದಿನದಿಂದ ಆ ಹುಡುಗನ ಹೆಸರು ಹೇಳಿಕೊಂಡು ತಿರುಗಬೇಕು: ‘ನಾ ಅವನನ್ನ ಮೊದಲ ಸಲ ಸವಾಯಿಯೊಳಗ ಕೇಳಿದ್ದೆ.’ ತಮ್ಮ ಹಾಡನ್ನು ಅಡವಿಟ್ಟು ಬೇರೆಯವರಿಗೆ ಶ್ರೋತೃಗಳನ್ನು ಸಾಲ ಕೊಡಿಸಿದ ಸಾಹುಕಾರ ಅವರು. ಇದನ್ನು ಕಟ್ಟೆಯ ಮೇಲೆ ಹೇಳಿದಾಗ ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರರು ಮಾತ್ರ ತಲೆದೂಗಿದರು. ಉಳಿದವರು ಅಪಚಾರ ಅಂದರು.

ಕಡೆಗೆ ಹಾಡುವುದರಲ್ಲಿ ಇನ್ನೊಂದು ಕಷ್ಟವಿದೆ, ಅದನ್ನು ಯಾರೂ ಎಣಿಸುವುದಿಲ್ಲ. ತಮಗಿಂತ ಮುಂಚೆ ಮನಸೂರರು ಹಾಡಿ ಹೋದ ವೇದಿಕೆಯ ಮೇಲೆ, ಕಿಶೋರಿಯವರು ಹಾಡಿ ಹೋದ ಗಾಳಿಯಲ್ಲಿ ಷಡ್ಜ ಹಚ್ಚಬೇಕು. ಎಲ್ಲರಿಗೂ ಒಳ್ಳೆಯ ಸಮಯ ಹಂಚಿ ಉಳಿದದ್ದನ್ನು ತಾವು ಇಟ್ಟುಕೊಂಡ ಯಜಮಾನಿಕೆ ಅದು. ಅದರ ಮೇಲೆ ಇನ್ನೂ ಒಂದು: ಭೀಮಣ್ಣನ ಹಾಡೂ ಕೊನೆಯದಾಗುತ್ತಿರಲಿಲ್ಲ. ಅವರು ತಂಬೂರಿ ಕೆಳಗಿಟ್ಟ ಮೇಲೆ ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಿಕೆ ಹಚ್ಚುತ್ತಿದ್ದರು. ಆ ಕಾಲದ ತಟ್ಟೆ, ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು. ರಾತ್ರಿಗಟ್ಟಲೆ ಗಂಟೆಗಟ್ಟಲೆ ಹಾಡಿದವರೆಲ್ಲರ ಮೇಲೆ ಆ ಮೂರು ನಿಮಿಷ. ಕೊನೆಯ ಮಾತು ಗುರುವಿನದೇ.

ಗುರುಭಾಯಿಗಳ ಪೈಕಿ ಫಿರೋಜ್ ದಸ್ತೂರರ ಕಥೆಯೇ ಬೇರೆ. ಪಾರ್ಸಿ ಮನುಷ್ಯ. ಚಿಕ್ಕಂದಿನಲ್ಲಿ ವಾಡಿಯಾ ಕಂಪನಿಯ ಸಿನಿಮಾಗಳಲ್ಲಿ ನಟಿಸಿದವರು, ಆಮೇಲೆ ಸವಾಯಿ ಗಂಧರ್ವರ ಶಿಷ್ಯರಾದವರು. ಅವರು ವೇದಿಕೆ ಹತ್ತಿದರೆ ಅಬ್ದುಲ್ ಕರೀಂ ಖಾನರ ಒಂದು ಹಳೆಯ ಭಜನೆ ಹಾಡದೆ ಜನ ಬಿಡುತ್ತಿರಲಿಲ್ಲ. ವರ್ಷ ವರ್ಷವೂ ಅದೇ ಭಜನೆ, ವರ್ಷ ವರ್ಷವೂ ಅದೇ ಕೂಗು. ಈಗಿನವರಿಗೆ ಪ್ರತಿ ಸಲ ಹೊಸದು ಬೇಕು. ಹಳೆಯದನ್ನೇ ಮತ್ತೆ ಕೇಳಲು ವರ್ಷಗಟ್ಟಲೆ ಕಾಯುವುದರ ರುಚಿ ಗೊತ್ತಿದ್ದವರು ಆ ಮೈದಾನದಲ್ಲಿ ಕೂಡುತ್ತಿದ್ದರು.

ಇನ್ನು ಪಂದ್ಯದ ವಿಷಯ. ಯಾದಿ ಬಂದ ದಿನ ಕಟ್ಟೆಯ ಮೇಲೆ ರಾಗಗಳ ಮೇಲೆ ಪಂದ್ಯ ಕಟ್ಟುವ ಪದ್ಧತಿ ನಮ್ಮದು. ಸೋತವರು ಎಲ್ಲರಿಗೂ ಮಿರ್ಚಿ-ಮಂಡಕ್ಕಿ ಕೊಡಿಸಬೇಕು. ಇದರಲ್ಲಿ ಗೆಲ್ಲಲು ಸಂಗೀತಕ್ಕಿಂತ ಗಡಿಯಾರ ಗೊತ್ತಿರಬೇಕು. ಮೊದಲ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಶಹನಾಯಿಯಿಂದ ಶುರು. ಆ ಹೊತ್ತಿಗೆ ಏನು ನುಡಿಸಬಹುದು? ಭೀಮಪಲಾಸಿ, ಪಟದೀಪ, ಮಧುವಂತಿ, ಮುಲ್ತಾನಿ. ಈ ನಾಲ್ಕರೊಳಗೆ ಒಂದು ಹೇಳಿದರೆ ಅರ್ಧ ಗೆದ್ದ ಹಾಗೆ. ಸೂರ್ಯ ಇಳಿಯುವ ಹೊತ್ತಿನವರಿಗೆ ಮಾರವಾ, ಪೂರಿಯಾ, ಶ್ರೀ. ಪೂರಿಯಾ ಧನಾಶ್ರೀ ಅಂದರೆ ಇನ್ನೂ ಸುರಕ್ಷಿತ. ದೀಪ ಹಚ್ಚಿದ ಮೇಲೆ ಯಮನ್. ಯಮನ್ ಎಂದು ಪಂದ್ಯ ಕಟ್ಟುವವನನ್ನು ನಾವು ರಸಿಕನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಮಂಡಕ್ಕಿ ತಿನ್ನುವವನು ಹೆಚ್ಚಾಗಿ ಅವನೇ. ಮ್ಯಾನೇಜರರು ಒಮ್ಮೆ ಹಂಸಧ್ವನಿ ಅಂದರು, ಬಂದದ್ದು ಹಂಸಕಿಂಕಿಣಿ. ಅರ್ಧ ಹಂಸ ಸರಿ ಇತ್ತೆಂದು ಅರ್ಧ ಖರ್ಚು ಮಾತ್ರ ಕೊಟ್ಟರು.

ಪಂದ್ಯ ಇಷ್ಟು ಸುಲಭವಾದದ್ದಕ್ಕೆ ಕಾರಣ ಕಾನೂನು. ಭೀಮಣ್ಣನ ಕಾಲದಲ್ಲಿ ಉತ್ಸವ ರಾತ್ರಿಯಿಡೀ. ದರಬಾರಿ ದರಬಾರಿಯ ಹೊತ್ತಿಗೆ, ಮಾಲಕಂಸ ಮಾಲಕಂಸದ ಹೊತ್ತಿಗೆ, ಲಲಿತ ಕೇಳುವಾಗ ನಿಜವಾಗಿಯೇ ಮೂಡಲು ಬೆಳ್ಳಗಾಗುತ್ತಿತ್ತು. 2000ದಲ್ಲಿ ಶಬ್ದಮಾಲಿನ್ಯದ ನಿಯಮ ಬಂತು. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬ-ಉತ್ಸವಗಳಿಗಾಗಿ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯತನಕ ಸಡಿಲ ಬಿಡಬಹುದು, ಅಷ್ಟೇ. ನಿಯಮ ಸರಿಯಾದದ್ದೇ, ನಮ್ಮ ಓಣಿಯ ಗಣಪತಿ ಮಂಡಳಿಯ ಡಾಲ್ಬಿ ಕೇಳಿದ ಯಾರೂ ಅದನ್ನು ಬೈಯಲಾರರು. ಆದರೆ ಡಾಲ್ಬಿ ಮಾಡಿದ ಪಾಪಕ್ಕೆ ದರಬಾರಿಗೆ ಶಿಕ್ಷೆಯಾಯಿತು. ನಡುರಾತ್ರಿಯ ರಾಗಗಳು ಪಡಿತರಚೀಟಿ ಹಿಡಿದು ನಿಂತಿವೆ. ಸಡಿಲ ಸಿಕ್ಕ ದಿನ ಹನ್ನೊಂದರ ಮೇಲಿನ ಆ ಒಂದು ತಾಸು ಯಾರಿಗೆ ಎಂಬುದೇ ಈಗ ಯಾದಿಯ ಮುಖ್ಯ ಪ್ರಶ್ನೆ. ಮಾಸ್ತರರು ಯಾದಿ ಓದುವಾಗ ಮೊದಲು ಹೆಸರು ನೋಡುವುದಿಲ್ಲ, ಹೊತ್ತು ನೋಡುತ್ತಾರೆ.

ಯಾದಿಯ ಜೊತೆಗೇ ಟಿಕೆಟ್ಟಿನ ದರವೂ ಬರುತ್ತದೆ. ಅಲ್ಲಿ ಮನುಷ್ಯಕುಲ ಎರಡಾಗಿ ಒಡೆಯುತ್ತದೆ: ಕುರ್ಚಿಯವರು ಮತ್ತು ಭಾರತೀಯ ಬೈಠಕ್ಕಿನವರು. ಬೈಠಕ್ಕೆಂದರೆ ನೆಲ. ಸೋಫಾದವರು ಎಂಬ ಮೂರನೆಯ ಕುಲವೂ ಉಂಟು. ಅವರು ವೇದಿಕೆಗೆ ಅತಿ ಹತ್ತಿರ ಕೂಡುತ್ತಾರೆ, ಅತಿ ತಡವಾಗಿ ಬರುತ್ತಾರೆ. ನೆಲದವರ ಪ್ರಕಾರ ನಿಜವಾದ ಸಂಗೀತ ನೆಲದಲ್ಲೇ ಇರುವುದು. ಮೊಣಕಾಲು ನೋವು ಬಂದು ಕುರ್ಚಿಗೆ ಬಡ್ತಿ ಪಡೆದವರು ನೆಲದವರನ್ನು ಕಂಡರೆ ತಲೆ ತಗ್ಗಿಸಿ ನಡೆಯುತ್ತಾರೆ. ಮೊದಲು ಉತ್ಸವ ಊರ ನಡುವಿನ ರಮಣಬಾಗ ಶಾಲೆಯ ಮೈದಾನದಲ್ಲಿತ್ತು. ಈಗ ಮುಕುಂದನಗರಕ್ಕೆ ಹೋಗಿದೆ. ರಮಣಬಾಗದಲ್ಲಿ ಯಾವ ಕಂಬದ ಬುಡದಲ್ಲಿ ಕೂತರೆ ದನಿ ಚೆನ್ನಾಗಿ ಕೇಳುತ್ತದೆಂದು ಕಂಡುಹಿಡಿದು ಅದನ್ನು ಆಸ್ತಿಪತ್ರದಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದ ನಮ್ಮವರು ಹೊಸ ಜಾಗದಲ್ಲಿ ಇನ್ನೂ ನೆಲೆ ಹುಡುಕುತ್ತಿದ್ದಾರೆ.

ನೆಲದ ಮೇಲಿನ ಸಂಸಾರವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಹುಬ್ಬಳ್ಳಿ-ಧಾರವಾಡದವರ ಚಾಪೆಯನ್ನು ದೂರದಿಂದಲೇ ಗುರುತಿಸಬಹುದು. ಪುಣೆಯವರು ಅಲ್ಲೇ ಮಳಿಗೆಯಲ್ಲಿ ವಡಾಪಾವ್, ಸಾಬೂದಾಣಿ ಖಿಚಡಿ ತಿಂದು ಕೈ ಒರೆಸಿಕೊಂಡು ಬರುತ್ತಾರೆ. ನಮ್ಮವರು ಕಡಕ್ ರೊಟ್ಟಿ ಕಟ್ಟಿಕೊಂಡು ಬಂದಿರುತ್ತಾರೆ, ಜೊತೆಗೆ ಶೇಂಗಾ ಚಟ್ನಿ, ಕೆಂಪಿಂಡಿ. ಒಮ್ಮೆ ವಿಲಂಬಿತ ಏಕತಾಲದಲ್ಲಿ ಬಡಾಖ್ಯಾಲ ನಡೆದಿತ್ತು. ಕಿರಾಣಾದ ವಿಲಂಬಿತ, ಹನ್ನೆರಡು ಮಾತ್ರೆಯ ಒಂದು ಆವರ್ತನೆ ಮುಗಿಯಲು ಮುಕ್ಕಾಲು ನಿಮಿಷದ ಮೇಲೇ ಬೇಕು. ಗಾಯಕರು ಮಂದ್ರದ ನಿಷಾದದ ಮೇಲೆ ನಿಂತಿದ್ದಾರೆ. ಮೈದಾನದಲ್ಲಿ ಎಲೆಯೂ ಅಲುಗುವುದಿಲ್ಲ. ನಮ್ಮ ಮಾಸ್ತರರಿಗೆ ಮಧುಮೇಹ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ರೊಟ್ಟಿ ಕೈಯಲ್ಲಿದೆ, ಮುರಿಯುವ ಧೈರ್ಯವಿಲ್ಲ. ಅತ್ತಿತ್ತ ನೋಡಿದರು. ತಬಲಾದವನ ಕೈ ನೋಡಿದರು. ತೊಡೆಯ ಮೇಲೆ ಬೆರಳಾಡಿಸಿ ಒಂಬತ್ತು, ಹತ್ತು, ಹನ್ನೊಂದು ಎಣಿಸಿದರು. ಗಾಯಕರು ಸಮಕ್ಕೆ ಬಂದು ಬಿದ್ದರು, ತಬಲಾದ ಧಿನ್ ಬಿತ್ತು, ಅದೇ ಗಳಿಗೆಗೆ ಮಾಸ್ತರರು ಕಟಕ್ ಎಂದು ರೊಟ್ಟಿ ಮುರಿದರು. ಹಿಂದಿನಿಂದ ಯಾರೋ ‘ಕ್ಯಾ ಬಾತ್ ಹೈ!’ ಅಂದರು. ಆ ಶಾಬಾಶ್‌ಗಿರಿ ಗಾಯಕರಿಗೆ ಸಂದದ್ದೋ ಮಾಸ್ತರರಿಗೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಂದಿನಿಂದ ಆವರ್ತನೆಗೊಂದು ತುತ್ತಿನ ಲೆಕ್ಕದಲ್ಲಿ ಅವರು ಊಟ ಮಾಡುತ್ತಾರೆ. ವೈದ್ಯರೂ ನಿಧಾನವಾಗಿ ಅಗಿದು ತಿನ್ನಲು ಹೇಳಿದ್ದರಂತೆ.

ಕಟ್ಟೆಯಲ್ಲಿ ಇನ್ನೊಂದು ಪ್ರಯೋಗ ಚಾಲ್ತಿಯಲ್ಲಿದೆ: ‘ಭೀಮಣ್ಣ ಇದ್ದಿದ್ದರ…’ ಈ ಎರಡು ಮಾತಿನಿಂದ ಏನನ್ನು ಬೇಕಾದರೂ ಸಾಧಿಸಬಹುದು. ಯಾದಿಯಲ್ಲಿ ಹುಡುಗರ ಹೆಸರು ಹೆಚ್ಚಾದರೆ, ಭೀಮಣ್ಣ ಇದ್ದಿದ್ದರ ಹಿರಿಯರಿಗೆ ಮಾನ ಇರತಿತ್ತು. ಹಿರಿಯರು ಹೆಚ್ಚಾದರೆ, ಭೀಮಣ್ಣ ಇದ್ದಿದ್ದರ ಹೊಸಬರನ್ನ ಮುಂದ ತರತಿದ್ದರು. ಸಿನಿಮಾದಲ್ಲಿ ಹಾಡಿದ ಯಾರದಾದರೂ ಹೆಸರು ಕಂಡರಂತೂ ಮುಗಿಯಿತು, ಭೀಮಣ್ಣ ಇದ್ದಿದ್ದರ ಇಂಥಾದ್ದಕ್ಕ ಆಸ್ಪದ ಕೊಡತಿದ್ದರೇನು!

ಸ್ವಾಮಿ, ಭೀಮಣ್ಣನೇ ಸಿನಿಮಾದಲ್ಲಿ ಹಾಡಿದವರು. 1956ರ ‘ಬಸಂತ ಬಹಾರ್’ನಲ್ಲಿ ಮನ್ನಾಡೇ ಅವರ ಜೊತೆ ಸ್ಪರ್ಧೆಯ ಹಾಡು ಇದೆಯಲ್ಲ, ಅದರಲ್ಲಿ ಗೆಲ್ಲಬೇಕಾದವನು ನಾಯಕ, ನಾಯಕನಿಗೆ ಮನ್ನಾಡೇ ಕಂಠ. ಭೀಮಸೇನರನ್ನು ಸೋಲಿಸುವ ಹಾಡು ಹೇಳಬೇಕೆಂದು ಕೇಳಿ ಮನ್ನಾಡೇ ಹೌಹಾರಿದ್ದರು. ಭೀಮಣ್ಣನಿಗೆ ಸೋಲುವವನ ಕಂಠವಾಗಲು ಅಡ್ಡಿ ಇರಲಿಲ್ಲ. 1966ರಲ್ಲಿ ನಮ್ಮದೇ ‘ಸಂಧ್ಯಾರಾಗ’ಕ್ಕೆ ಹಾಡಿದರು. ಲತಾ ಮಂಗೇಶಕರರ ಜೊತೆ ಭಜನೆ ಹಾಡಿದರು, ಬಾಲಮುರಳಿಕೃಷ್ಣರ ಜೊತೆ ಜುಗಲಬಂದಿ ಕೂತರು. 1988ರಲ್ಲಿ ದೂರದರ್ಶನಕ್ಕಾಗಿ ಭೈರವಿಯಲ್ಲಿ ಇಡೀ ದೇಶದ ಸ್ವರ ಕೂಡಿಸುವ ಹಾಡನ್ನು ಶುರುಮಾಡಿದವರೂ ಅವರೇ. ದಾಸರ ಪದವನ್ನು ಹಿಂದೂಸ್ತಾನಿ ಕಛೇರಿಯಲ್ಲಿ ಹಾಡಿ ಕನ್ನಡ ಬಾರದವರಿಂದಲೂ ತಲೆದೂಗಿಸಿದವರು. ಅವರಿದ್ದಿದ್ದರೆ ಏನು ಮಾಡುತ್ತಿದ್ದರೆಂದು ಅವರಿಗಿಂತ ಹೆಚ್ಚು ಮಡಿ ಇರುವ ನಾವು ತೀರ್ಪು ಕೊಡುತ್ತೇವೆ.

2007ರ ಉತ್ಸವದಲ್ಲಿ ಆರೋಗ್ಯ ಕೆಟ್ಟಿದ್ದರೂ ಬಂದು ಹಾಡಿದ್ದೇ ಅಲ್ಲಿ ಅವರ ಕೊನೆಯ ಹಾಡು. ಮರುವರ್ಷ ಭಾರತರತ್ನ ಬಂತು. 2011ರ ಜನವರಿ 24ರಂದು ತೀರಿಕೊಂಡರು. ಗುರುವಿನ ಹೆಸರಿನ ಪಕ್ಕದಲ್ಲಿ ಅವರ ಹೆಸರೂ ಸೇರಿ ಉತ್ಸವ ‘ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ’ ಆಯಿತು. ಮುಗಿಸಿಕೊಡುವ ಆ ಕಟ್ಟಕಡೆಯ ಜಾಗದಲ್ಲಿ ಹಲವು ವರ್ಷ ಪ್ರಭಾ ಅತ್ರೆಯವರು ಹಾಡಿದರು. 2024ರ ಜನವರಿಯಲ್ಲಿ ಅವರೂ ಹೋದರು, ಅದೇ ತಿಂಗಳು ರಶೀದ್ ಖಾನರೂ ಹೋದರು. ರಶೀದರನ್ನು ತಮ್ಮ ನಂತರದ ಭರವಸೆ ಎಂದು ಭೀಮಣ್ಣ ಬಾಯಿ ತುಂಬ ಹೊಗಳಿದ್ದರು. ಹಾಗಾಗಿ ಯಾದಿಯನ್ನು ಈಗ ಓದುವಾಗ ಕಣ್ಣು ಇರುವ ಹೆಸರುಗಳ ಮೇಲಷ್ಟೇ ಓಡುವುದಿಲ್ಲ.

ಆದರೂ ಈ ಸಲ ಏನನ್ನು ಕಾಯುತ್ತಿದ್ದೀರಿ ಎಂದು ಕೇಳಿದರೆ ನಾನು ದೊಡ್ಡ ಹೆಸರು ಹೇಳುವುದಿಲ್ಲ. ದೊಡ್ಡ ಹೆಸರಿನವರು ಏನು ಹಾಡುತ್ತಾರೆ, ನಡುವೆ ಯಾವ ಶೇರ್ ಹೇಳುತ್ತಾರೆ, ತಬಲಾದವನ ಕಡೆ ಯಾವಾಗ ಹೊರಳಿ ನಗುತ್ತಾರೆ ಎಲ್ಲವೂ ಯೂಟ್ಯೂಬಿನ ದಯದಿಂದ ಮೊದಲೇ ಗೊತ್ತು. ನಾನು ಕಾಯುವುದು ಮಧ್ಯಾಹ್ನದ ಎರಡನೇ ಹೆಸರಿಗಾಗಿ. ಯಾದಿ ಓದುವವರು ತಡವರಿಸುವ, ‘ಇವರು ಯಾರ ಶಿಷ್ಯರಂತ?’ ಎಂದು ಕೇಳುವ ಹೆಸರು. ಬಿಸಿಲು ಇನ್ನೂ ಪೆಂಡಾಲಿನೊಳಗೆ ಕಾಲು ಚಾಚಿರುತ್ತದೆ, ಸೋಫಾಗಳು ಖಾಲಿ, ಧ್ವನಿವರ್ಧಕದವನು ಇನ್ನೂ ತಿರುಪು ತಿರುವುತ್ತಿರುತ್ತಾನೆ. ಆ ಹುಡುಗನೋ ಹುಡುಗಿಯೋ ಒಣಗಿದ ಗಂಟಲಿನಿಂದ ಮುಲ್ತಾನಿಯ ಕೋಮಲ ಗಾಂಧಾರ ಹಚ್ಚಬೇಕು. ಸರಿಯಾಗಿ ಹತ್ತಿದರೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಕೈಗಳು ನಿಲ್ಲುತ್ತವೆ. ಇಂಥ ಒಂದು ಹೆಸರನ್ನು ಯಾದಿಯೊಳಗೆ ಇಡುವ ಎದೆಗಾರಿಕೆ ಉಳಿದಿರುವತನಕ ಉತ್ಸವ ಭೀಮಣ್ಣನದೇ. ಆ ಹೆಸರು ಕಾಣದಿದ್ದರೆ ಮಾತ್ರ ನಾನೂ ‘ಭೀಮಣ್ಣ ಇದ್ದಿದ್ದರ’ ಬಳಗಕ್ಕೆ ಸೇರುವವನು.

ಹೋಗುವುದು ಹೇಗೆಂಬ ಬಗ್ಗೆ ಪ್ರತಿ ವರ್ಷ ಒಂದು ವಾರ ಚರ್ಚೆ. ಹುಬ್ಬಳ್ಳಿಯಿಂದ ಪುಣೆಗೆ 2024ರಿಂದ ವಂದೇ ಭಾರತ್ ಓಡುತ್ತಿದೆ. ಮ್ಯಾನೇಜರರಿಗೆ ಅದೇ ಬೇಕು. ಮಾಸ್ತರರು ರಾತ್ರಿಯ ಬಸ್ಸೇ ಅನ್ನುತ್ತಾರೆ, ಹಿಂದೆ ಸವಾಯಿಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದ ಅಭ್ಯಾಸವನ್ನು ಹೀಗಾದರೂ ಉಳಿಸಿಕೊಳ್ಳಬೇಕಂತೆ. ರಾತ್ರಿಯಿಡೀ ಕೇಳುವ ಚಟ ನಿಜವಾಗಿ ಇದ್ದವರು ಕುಂದಗೋಳಕ್ಕೆ ಹೋಗಬೇಕು. ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಲ್ಲಿ ನಾಡಿಗೇರರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಭೀಮಣ್ಣ, ಗಂಗೂಬಾಯಿ ಹಾಡಿದ ಜಾಗ. ಪುಣೆಯಲ್ಲಿ ಸಾವಿರಗಟ್ಟಲೆ ಜನರ ಹಿಂದೆ ಕೂತು ದೊಡ್ಡ ಪರದೆಯ ಮೇಲೆ ಗಾಯಕರ ಮೂಗು ನೋಡಿ ಬರುವ ನಮ್ಮಲ್ಲಿ ಎಷ್ಟೋ ಜನ ಮಗ್ಗುಲಿನ ಕುಂದಗೋಳಕ್ಕೆ ಕಾಲಿಟ್ಟವರಲ್ಲ. ಜಲಂಧರದಲ್ಲಿ ಪಟವರ್ಧನರು ಆ ಹುಡುಗನಿಗೆ ಹೇಳಿದ ಮಾತನ್ನು ಯಾರಾದರೂ ನಮಗೂ ಹೇಳಬೇಕೇನೋ.

ಇಷ್ಟೆಲ್ಲ ಓದಿದ ಮೇಲೂ ಈ ಡಿಸೆಂಬರಿನಲ್ಲಿ ನಮ್ಮ ಜೊತೆ ಬರುವ ಉಮೇದಿ ಇದ್ದವರಿಗೆ ಒಂದೆರಡು ಮಾತು. ಪುಣೆಯ ಚಳಿ ರಾತ್ರಿ ಎಂಟರ ಮೇಲೆ ನೆಲದಿಂದ ಏಳುತ್ತದೆ, ಹೊದೆಯಲು ತರುವುದಕ್ಕಿಂತ ಹಾಸಲು ದಪ್ಪನೆಯದು ತನ್ನಿ. ರಾಗ ಶುರುವಾದ ಕೂಡಲೇ ಅದರ ಹೆಸರನ್ನು ಪಕ್ಕದವರ ಕಿವಿಯಲ್ಲಿ ಊದುವವರು, ಮೊಬೈಲು ಎತ್ತಿ ಹಿಡಿದು ಹಿಂದಿನವರಿಗೆ ಮರೆಯಾಗುವವರು ದಯವಿಟ್ಟು ಸೋಫಾದ ಟಿಕೆಟ್ಟು ತೆಗೆಸಿ. ಉಳಿದವರಿಗೆ ನಮ್ಮ ಚಾಪೆಯ ಮೇಲೆ ಜಾಗವುಂಟು. ರೊಟ್ಟಿ ನಾವು ತರುತ್ತೇವೆ, ಮೊಸರಿನ ವ್ಯವಸ್ಥೆ ನಿಮ್ಮದು.